ತಲುಪುವವರೆಗೆ ಪೊರಕೆ ಮುಟ್ಟಬಾರದು

ದೂರವನ್ನು ಒಬ್ಬೊಬ್ಬರು ಒಂದೊಂದರಲ್ಲಿ ಅಳೆಯುತ್ತಾರೆ. ಸರ್ವೆಯವರು ಸರಪಳಿಯಲ್ಲಿ ಅಳೆಯುತ್ತಾರೆ. ಆಟೋದವರು ನಮ್ಮ ಮುಖ ನೋಡಿ ಅಳೆಯುತ್ತಾರೆ. ಮಾಲೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರು ಎಷ್ಟು ನಿದ್ದೆ ಆಯಿತು ಅನ್ನುವುದರ ಮೇಲೆ ಅಳೆಯುತ್ತಾರೆ. ನಮ್ಮ ಮನೆಯಲ್ಲಿ ದೂರ ಅಳೆಯುವುದು ಪೊರಕೆಯಿಂದ. ಯಾರಾದರೂ ಪ್ರಯಾಣ ಹೊರಟರೆ ಅವರು ಅಲ್ಲಿಗೆ ತಲುಪುವವರೆಗೆ ಇಲ್ಲಿ ಮನೆ ಗುಡಿಸಬಾರದು. ಇದು ನಮ್ಮ ಅಮ್ಮನ ಕಾನೂನು. ನಿಮ್ಮ ಮನೆಯಲ್ಲೂ ಇದ್ದಿರಬಹುದು, ಈಗ ಮಾಪು ಬಂದ ಮೇಲೆ ಮರೆತಿರಬಹುದು. ನಮ್ಮ ಮನೆಯಲ್ಲಿ ಮಾತ್ರ ಯಾರೂ ಮರೆತಿಲ್ಲ. ಲಕ್ಕೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟುಕೊಂಡು, ಅಕ್ಷಾಂಶ ರೇಖಾಂಶ ಅಂತ ಬೋರ್ಡಿನ ಮೇಲೆ ಗೀಟೆಳೆದು ಎಳೆದು ಕೂದಲು ಬೆಳ್ಳಗೆ ಮಾಡಿಕೊಂಡ ನಾನು, ಇಂಥದ್ದನ್ನೆಲ್ಲ ನಂಬುತ್ತೀನಾ ಅಂತ ನೀವು ಕೇಳಬಹುದು. ಹೋದ ಬೇಸಿಗೆಯವರೆಗೆ ನಂಬುತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಅಪ್ಪ ಇದ್ದಾಗ ಈ ಕಾನೂನಿನಿಂದ ಯಾರಿಗೂ ತೊಂದರೆ ಇರಲಿಲ್ಲ. ಅವರು ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋಗುತ್ತಿದ್ದರು, ಉಳಿದ ಕಾಲದಲ್ಲಿ ಕೋಲಾರಕ್ಕೆ. ಅಮ್ಮ ಪೊರಕೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ಬಸ್ಸು ಎಲ್ಲಿಯವರೆಗೆ ಹೋಗಿರಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದಳು. ಸೊಪ್ಪು ಮುಗಿಯುವಷ್ಟರಲ್ಲಿ ಅಪ್ಪ ತಲುಪಿರುತ್ತಿದ್ದರು. ಯಾಕೆ ಗುಡಿಸಬಾರದು ಅಂತ ನಾನು ಒಂದು ಸಲ ಕೇಳಿದ್ದಕ್ಕೆ ಅಮ್ಮ ಹೇಳಿದ್ದು ಇಷ್ಟು: "ಮನುಷ್ಯ ಒಂದೇ ಸಲಕ್ಕೆ ಹೊರಡೋಲ್ಲ ಕಣೋ. ಮೈ ಬಸ್ಸು ಹತ್ತುತ್ತೆ, ಮಿಕ್ಕಿದ್ದು ಮನೇಲೇ ಓಡಾಡ್ಕೊಂಡಿರುತ್ತೆ. ಮೈ ಅಲ್ಲಿ ಹೋಗಿ ಕೂತ ಮೇಲೆ ಇದು ನಿಧಾನಕ್ಕೆ ಹೋಗಿ ಸೇರ್ಕೊಳ್ಳುತ್ತೆ. ಅಷ್ಟರೊಳಗೆ ಗುಡಿಸಿಬಿಟ್ರೆ ಕಸದ ಜೊತೆ ಅದೂ ತಿಪ್ಪೆಗೆ ಹೋಗುತ್ತೆ." ಇದಕ್ಕೆ ಸಾಕ್ಷಿಯೂ ಇತ್ತು. ನಮ್ಮ ತಿಮ್ಮರಾಯಪ್ಪ ದೊಡ್ಡಪ್ಪ ತಿರುಪತಿಗೆ ಹೊರಟ ದಿನ, ನೆಂಟರು ಬರುತ್ತಾರೆಂದು ದೊಡ್ಡಮ್ಮ ಬಸ್ಸು ಮುಳಬಾಗಿಲು ದಾಟುವ ಮೊದಲೇ ಮನೆಯನ್ನೆಲ್ಲ ಗುಡಿಸಿಬಿಟ್ಟಳಂತೆ. ದೊಡ್ಡಪ್ಪ ತಲೆ ಬೋಳಿಸಿಕೊಂಡು ಲಾಡು ಹಿಡಿದುಕೊಂಡು ಸರಿಯಾಗಿಯೇ ವಾಪಸ್ಸು ಬಂದ. ಆದರೆ ಅಂದಿನಿಂದ ಬಾಗಿಲ ಹತ್ತಿರ ಬಂದರೆ ಸಾಕು, ಒಳಗೆ ಹೋಗಬೇಕೋ ಹೊರಗೆ ಹೋಗಬೇಕೋ ತಿಳಿಯದೆ ಹೊಸ್ತಿಲ ಮೇಲೆ ನಿಂತುಬಿಡುತ್ತಿದ್ದ. ಯಾರಾದರೂ ಕೈಹಿಡಿದು ಯಾವುದಾದರೂ ಒಂದು ಕಡೆಗೆ ಎಳೆಯಬೇಕಿತ್ತು. ಡಾಕ್ಟರು ಬಿ.ಪಿ. ಅಂದರು. ಅಮ್ಮ ಪೊರಕೆ ಅಂದಳು.

ಇಂಥ ಮನೆಯಿಂದ ನನ್ನ ಹೆಂಡತಿ ವನಜ ಬ್ರೆಜಿಲ್ ದೇಶಕ್ಕೆ ಹೊರಟಳು. ಅವಳು ಮುಳಬಾಗಿಲಿನ ಹತ್ತಿರದ ಆವನಿಯ ರೈತರ ಮನೆಯ ಹುಡುಗಿ, ಮಾಲೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರು. ಐವತ್ತು ದಾಟಿದ ಮೇಲೆ ಬೇರೆಯವರು ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತರೆ ಇವಳು ಮೂರು ಕಿಲೋ ಕಬ್ಬಿಣದ ಗುಂಡನ್ನು ಕತ್ತಿಗೆ ಒತ್ತಿಕೊಂಡು ಹಿತ್ತಲಲ್ಲಿ ಎಸೆಯಲು ಶುರುಮಾಡಿದಳು. ದಿನಾ ಸಂಜೆ ಧಡ್ ಧಡ್ ಅಂತ ಗುಂಡು ಬಿದ್ದರೆ ಅಡುಗೆಮನೆಯ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ನಾನು ಎಷ್ಟು ನಕ್ಕೆನೋ ಲೆಕ್ಕವಿಲ್ಲ. ಅವಳು ಜಿಲ್ಲೆಯಲ್ಲಿ ಗೆದ್ದಳು, ರಾಜ್ಯದಲ್ಲಿ ಗೆದ್ದಳು, ಕೊನೆಗೆ ವಯಸ್ಸಾದ ಆಟಗಾರರ ಯಾವುದೋ ದೊಡ್ಡ ಕೂಟಕ್ಕೆ ಸಾವೊ ಪೌಲೊ ಅನ್ನುವ ಊರಿಗೆ ಆಯ್ಕೆಯಾದಳು. ಬೆಂಗಳೂರಿನಿಂದ ದುಬೈ, ದುಬೈಯಿಂದ ಒಂದೇ ಹಾರಾಟದಲ್ಲಿ ಸಾವೊ ಪೌಲೊ. ನಾನು ಶಾಲೆಯ ಗೋಳವನ್ನು ಮನೆಗೆ ತಂದು ಅಮ್ಮನಿಗೆ ದಾರದಿಂದ ದಾರಿ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ಗೋಳವನ್ನು ಒಂದು ಸುತ್ತು ತಿರುಗಿಸಿ, "ಇದರಲ್ಲಿ ಮುಳಬಾಗಿಲು ಎಲ್ಲಿದೆ?" ಅಂದಳು. ಇಲ್ಲ ಅಂದಿದ್ದಕ್ಕೆ ಗೋಳದ ಮೇಲಿನ ನಂಬಿಕೆ ಅರ್ಧ ಹೋಯಿತು. ಆಮೇಲೆ ದಾರದ ಮೇಲೆ ಬೆರಳಿಟ್ಟು, "ಈ ದಾರೀಲಿ ಎಲ್ಲೂ ಇಳಿಯೋಲ್ವಾ? ಕೆಳಗೆ ಏನಿದೆ?" ಅಂತ ಕೇಳಿದಳು. ಮೊದಲು ಮರಳುಗಾಡು, ಆಮೇಲೆ ಕಾಡು, ಆಮೇಲೆ ಬರೀ ಸಮುದ್ರ ಅಂದೆ. ಅಮ್ಮ ಬೆರಳು ತೆಗೆಯಲಿಲ್ಲ. "ಹಂಗಾದ್ರೆ ಅಷ್ಟು ಹೊತ್ತೂ ಅವಳು ಎಲ್ಲೂ ಇರೋದಿಲ್ಲ ಅನ್ನು," ಅಂದಳು. ನಾನು ದಾರ ಸುತ್ತಿ ಗೋಳವನ್ನು ಚೀಲಕ್ಕೆ ಹಾಕಿದೆ.

ಶನಿವಾರ ಸಂಜೆ ವನಜ ಹೊರಟಳು. ಬಲಗಾಲಿಟ್ಟು ಹೊಸ್ತಿಲು ದಾಟಿ, ಕಾರಿನಿಂದಲೇ "ಗ್ಯಾಸ್ ಆಫ್ ಮಾಡಿ ರೀ" ಅಂತ ಕೂಗಿ ಹೋದಳು. ನಮ್ಮ ಮನೆಯ ವಿಚಾರದಲ್ಲಿ ಒಂದು ಮಾತು ಹೇಳಬೇಕು. ಸುತ್ತ ಇಟ್ಟಿಗೆ ಗೂಡುಗಳಿವೆ. ಕಿಟಕಿ ಮುಚ್ಚಿದರೂ ಕೆಂಪು ಧೂಳು ಹೇಗೋ ಒಳಗೆ ಬರುತ್ತದೆ. ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಗುಡಿಸದಿದ್ದರೆ ನೆಲದ ಮೇಲೆ ತೆಳ್ಳಗೆ ಒಂದು ಪದರ ಕೂತುಬಿಡುತ್ತದೆ, ನಡೆದಾಡಿದವರ ಹೆಜ್ಜೆ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಈವರೆಗೆ ನಮ್ಮ ಮನೆ ಒಂದು ಹೊತ್ತಿಗಿಂತ ಹೆಚ್ಚು ಗುಡಿಸದೆ ಇದ್ದದ್ದೇ ಇಲ್ಲ. ಯಾಕೆಂದರೆ ಈವರೆಗೆ ನಮ್ಮವರು ಯಾರೂ ಅಷ್ಟು ದೂರ ಹೋದವರೇ ಅಲ್ಲ.

ಭಾನುವಾರ ಬೆಳಿಗ್ಗೆ ದುಬೈಯಿಂದ ಮೆಸೇಜು ಬಂತು. ತಂಡದವರೆಲ್ಲ ಸುಖವಾಗಿ ಬಂದೆವು, ಈಗ ದೊಡ್ಡ ವಿಮಾನ ಹತ್ತುತ್ತಿದ್ದೇವೆ, ಅತ್ತೆಗೆ ಮಾತ್ರೆ ಕೊಡಿ, ಅಂತ. ನಾನು ಮಾತ್ರೆ ಕೊಟ್ಟು ಪೇಪರು ಹಿಡಿದು ಕೂತೆ. ಅಡುಗೆಮನೆಯಲ್ಲಿ ಲೋಟ ಇಟ್ಟ ಸದ್ದಾಯಿತು. ಅಮ್ಮ ಅಂದುಕೊಂಡೆ. ತಲೆ ಎತ್ತಿದರೆ ಅಮ್ಮ ನನ್ನ ಎದುರಿಗೇ ಕೂತು ಹೂವು ಕಟ್ಟುತ್ತಿದ್ದಳು. ಬೆಕ್ಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕುಕ್ಕರಿನ ಮುಚ್ಚಳ ತೆಗೆದು ಸಿಂಕಿನ ಪಕ್ಕ ಇಟ್ಟ ಹಾಗೆ ಸದ್ದು. ಬೆಕ್ಕು ಕುಕ್ಕರು ತೆಗೆಯುವುದಿಲ್ಲ. ಎದ್ದು ಹೋಗಿ ನೋಡಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಕುಕ್ಕರು ಶೆಲ್ಫಿನ ಮೇಲೆ ತನ್ನ ಪಾಡಿಗೆ ತಾನಿತ್ತು. ವಾಪಸ್ಸು ಬಂದು ಕೂತರೆ ಅಮ್ಮ ಹೂವಿನಿಂದ ಕಣ್ಣು ತೆಗೆಯದೆ, "ಯಾಕೋ ಹಂಗೆ ಎದ್ದು ಎದ್ದು ನೋಡ್ತೀಯ? ಅವಳಿನ್ನೂ ತಲುಪಿಲ್ಲವಲ್ಲ," ಅಂದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ವನಜಾ, ಹಾಲಿಟ್ಟಿದೀನಿ, ನೋಡ್ಕೋಮ್ಮಾ," ಅಂತ ಕೂಗಿದಳು. ನಮ್ಮ ಮನೆಯಲ್ಲಿ ಹಾಲು ಉಕ್ಕದೆ ಇದ್ದದ್ದು ನನಗೆ ನೆನಪಿಲ್ಲ. ಅವತ್ತು ಉಕ್ಕಲಿಲ್ಲ. ಹೋಗಿ ನೋಡಿದರೆ ಒಲೆ ಆರಿತ್ತು. ಗ್ಯಾಸು ಮುಗಿದಿರಬೇಕೆಂದು ಹಚ್ಚಿ ನೋಡಿದೆ, ಝುಂಯ್ ಅಂತ ಉರಿಯಿತು.

ಹೆದರಿಕೊಂಡವನಿಗೆ ಕಣ್ಣು ಚುರುಕಾಗುತ್ತದೆ. ನಾನು ನೆಲ ನೋಡತೊಡಗಿದೆ. ಕೆಂಪು ಧೂಳಿನಲ್ಲಿ ನನ್ನ ಹೆಜ್ಜೆ ಇದ್ದವು, ದೊಡ್ಡವು, ಅಡ್ಡಾದಿಡ್ಡಿ. ಒಂದು ಕಾಲನ್ನು ಎಳೆದುಕೊಂಡು ನಡೆಯುವ ಅಮ್ಮನ ಗೀಟುಗಳಿದ್ದವು. ಇನ್ನೊಂದು ಥರದವೂ ಇದ್ದವು. ಅಗಲವಾದ ಪಾದ, ಎರಡನೆಯ ಬೆರಳಿನ ಬುಡದಲ್ಲಿ ಸಣ್ಣ ಗೆರೆ. ಕಾಲುಂಗುರದ ಗುರುತು. ಅಪ್ಪ ಹೋದಾಗಲೇ ಅಮ್ಮ ಕಾಲುಂಗುರ ತೆಗೆದಿಟ್ಟಿದ್ದಾಳೆ, ನಾನಂತೂ ಹಾಕಿಕೊಂಡವನಲ್ಲ. ನಿನ್ನೆಯ ಹೆಜ್ಜೆಗಳು ಅಂತ ಸಮಾಧಾನ ಮಾಡಿಕೊಳ್ಳೋಣ ಅಂದರೆ ಒಂದು ಹೆಜ್ಜೆ ನಾನು ಬೆಳಿಗ್ಗೆ ಇಟ್ಟ ಹೆಜ್ಜೆಯ ಮೇಲೇ ಬಿದ್ದಿತ್ತು. ಒಲೆಯ ಮುಂದೆ ಧೂಳು ಅರ್ಧ ವೃತ್ತಾಕಾರವಾಗಿ ಅಳಿಸಿತ್ತು. ವನಜ ಸಾರು ಕುದಿಯುವವರೆಗೆ ಸುಮ್ಮನೆ ನಿಲ್ಲುವವಳಲ್ಲ, ಗುಂಡು ಎಸೆಯುವವರ ಹಾಗೆ ಬಲಗಾಲಿನ ಮೇಲೆ ತಿರುಗುವುದನ್ನು ಅಲ್ಲೇ ಅಭ್ಯಾಸ ಮಾಡುತ್ತಾಳೆ. ನಾನು ಆ ಅರ್ಧ ವೃತ್ತವನ್ನು ದಾಟದೆ ಸುತ್ತಿಕೊಂಡು ಹೋಗಿ ನೀರು ಕುಡಿದೆ.

ಇಲ್ಲಿಯವರೆಗೆ ಬಸ್ಸಿನ ದೂರಕ್ಕೆ ಮಾತ್ರ ಹೋಗಿಬರುತ್ತಿದ್ದ ಸಂಸಾರ ನಮ್ಮದು. ಹಿಂದೆ ಉಳಿದದ್ದು ಮನೆಯಲ್ಲಿ ಒಂದು ಸುತ್ತು ಓಡಾಡುವಷ್ಟರಲ್ಲಿ ಹೋದವರು ತಲುಪಿಬಿಡುತ್ತಿದ್ದರು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಇಡೀ ದಿನ ಸಿಕ್ಕಿದೆ, ಅದು ಮನೆಗೆಲಸಕ್ಕೆ ನಿಂತಿದೆ. ಹೀಗೆಲ್ಲ ಯೋಚನೆ ಬಂದು ನನಗೆ ನನ್ನ ಮೇಲೇ ನಾಚಿಕೆಯಾಯಿತು. ಮೇಷ್ಟ್ರಾಗಿ ಇದೇನು ಅಂತ ಟಿಕೆಟ್ಟಿನ ನಕಲು ತೆಗೆದು ನೋಡಿದೆ. ದುಬೈ ಬಿಡುವುದು ಬೆಳಿಗ್ಗೆ ಎಂಟೂವರೆ, ಸಾವೊ ಪೌಲೊ ಸೇರುವುದು ಸಂಜೆ ನಾಲ್ಕೂವರೆ. ಎಂಟು ಗಂಟೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅದನ್ನೂ ಸೇರಿಸಿದೆ. ನಮ್ಮ ಗಡಿಯಾರಕ್ಕೆ ಸಂಜೆ ಆರಕ್ಕೆ ಅವಳು ಇಳಿದಿರುತ್ತಾಳೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಲೆಕ್ಕವನ್ನು ಇನ್ನೊಂದು ಸಲ ನೋಡುವ ಮನಸ್ಸೇ ಬರಲಿಲ್ಲ. ಈಗ ಅನ್ನಿಸುತ್ತದೆ, ನನಗೆ ಸರಿಯಾದ ಲೆಕ್ಕ ಬೇಕಾಗಿರಲಿಲ್ಲ, ಬೇಗ ಮುಗಿಯುವ ಲೆಕ್ಕ ಬೇಕಾಗಿತ್ತು.

ಐದರ ಹೊತ್ತಿಗೆ ಹಿತ್ತಲಲ್ಲಿ ಧಡ್ ಅಂದಿತು. ತಟ್ಟೆಗಳು ಗಲಗಲ ಅಂದವು. ಪಕ್ಕದ ಮನೆಯ ತೆಂಗಿನಕಾಯಿ ಬಿದ್ದಿರಬೇಕು ಅಂದುಕೊಂಡೆ. ಮತ್ತೆ ಧಡ್ ಅಂದಿತು. ನಾನು ಮಂಚದ ಕೆಳಗೆ ಬಗ್ಗಿ ನೋಡಿದೆ. ಅವಳು ಬಿಟ್ಟುಹೋಗಿದ್ದ ಗುಂಡು ಅಲ್ಲೇ ಇತ್ತು. ಮುಟ್ಟಿದರೆ ಹಸಿ ಮಣ್ಣು ಕೈಗೆ ಹತ್ತಿತು. ಅಲ್ಲಿಂದ ಆರು ಗಂಟೆಯವರೆಗೆ ನಾನು ಗೇಟಿನ ಹೊರಗೆ ನಿಂತಿದ್ದೆ. ಆರಾಗುತ್ತಲೇ ಒಳಗೆ ಬಂದು, "ಅಮ್ಮಾ, ವನಜ ತಲುಪಿದ್ಲು," ಅಂದೆ. "ಫೋನ್ ಮಾಡಿದ್ಲಾ?" ಅಂದಳು ಅಮ್ಮ. "ಫೋನ್ ಯಾಕೆ? ಲೆಕ್ಕ ಇದೆಯಲ್ಲ. ನಾನು ಭೂಗೋಳದ ಮೇಷ್ಟ್ರು." ಅಮ್ಮನಿಗೆ ಅನುಮಾನವೇ. ಆದರೆ ದೀಪ ಹಚ್ಚಿದ ಮೇಲೆ ಗುಡಿಸುವ ಹಾಗಿಲ್ಲ, ಈಗ ಗುಡಿಸದಿದ್ದರೆ ನಾಳೆ ಬೆಳಿಗ್ಗೆಯೇ. ಅಮ್ಮ ಹೂಂ ಅನ್ನುವ ಮೊದಲೇ ನಾನು ಪೊರಕೆ ತೆಗೆದುಕೊಂಡೆ. ಸಂಸಾರ ಶುರುವಾದ ಮೇಲೆ ನಾನು ಪೊರಕೆ ಹಿಡಿದದ್ದು ಅದೇ ಮೊದಲು, ಹಿಡಿದ ರೀತಿ ನೋಡಿ ಅಮ್ಮ ಕಣ್ಣು ಮುಚ್ಚಿಕೊಂಡಳು. ಒಲೆಯ ಮುಂದಿನ ಅರ್ಧ ವೃತ್ತ, ಕಾಲುಂಗುರದ ಹೆಜ್ಜೆಗಳು, ಬಾಚಣಿಗೆಯಿಂದ ಉದುರಿದ ಅವಳ ಕೂದಲು, ಕನಕಾಂಬರದ ಒಂದು ಹೂವು, ಎಲ್ಲವನ್ನೂ ಎಳೆದುಕೊಂಡು ಹೋಗಿ ಹಿತ್ತಲಿನ ಕರಿಬೇವಿನ ಗಿಡದ ಬುಡಕ್ಕೆ ಸುರಿದು ಬಂದೆ.

ಮನೆ ಚೊಕ್ಕಟವಾಯಿತು. ಅಮ್ಮ ದೀಪ ಹಚ್ಚಿದಳು. ನಾನು ಕುರ್ಚಿಯಲ್ಲಿ ಕೂತು ಕಾಲು ಚಾಚಿದೆ. ಸ್ವಲ್ಪ ಹೊತ್ತಾದ ಮೇಲೆ ನನಗೆ ಏನೋ ಕಡಿಮೆಯಾಗಿದೆ ಅನ್ನಿಸತೊಡಗಿತು. ಅಡುಗೆಮನೆಯಲ್ಲಿ ಸದ್ದಿಲ್ಲ. ಲೋಟವಿಲ್ಲ, ಮುಚ್ಚಳವಿಲ್ಲ, ನೀರು ಬಿಟ್ಟ ಶಬ್ದವಿಲ್ಲ. ಬೆಳಿಗ್ಗೆಯಿಂದ ಯಾವ ಸದ್ದಿಗೆ ಬೆವರುತ್ತಿದ್ದೆನೋ ಆ ಸದ್ದು ನಿಂತದ್ದಕ್ಕೆ ಈಗ ಬೆವರಿದೆ. ಅವಳು ಅಲ್ಲಿ ತಲುಪಿ ಇದು ಹೋಗಿ ಸೇರಿಕೊಂಡಿದ್ದರೆ ಸರಿ. ಆದರೆ ಫೋನು ಬರಲಿಲ್ಲ, ಮೆಸೇಜೂ ಇಲ್ಲ. ಇಳಿದ ತಕ್ಷಣ ಮಾತ್ರೆಯ ವಿಚಾರ ಕೇಳದೆ ಇರುವವಳಲ್ಲ ಅವಳು. ಕೊನೆಗೆ ಫೋನು ತೆಗೆದು, ದುಬೈಯಿಂದ ಸಾವೊ ಪೌಲೊ ಎಷ್ಟು ದೂರ ಅಂತ ಹುಡುಕಿದೆ. ಒಂದು ಪುಟ ತೆರೆದುಕೊಂಡಿತು. ದೂರ ಹನ್ನೆರಡು ಸಾವಿರ ಕಿಲೋಮೀಟರಿಗೂ ಮೇಲೆ, ಅದೇ ಮೈಲಿಯಲ್ಲಿ ಇಷ್ಟು, ಸಮುದ್ರದ ಮೈಲಿಯಲ್ಲಿ ಇಷ್ಟು. ಎರಡೂ ಊರಿನ ಗಡಿಯಾರಕ್ಕೆ ಏಳು ಗಂಟೆಯ ವ್ಯತ್ಯಾಸ. ಹಾರಲು ಬೇಕಾದ ಸಮಯ ಸುಮಾರು ಹದಿನೈದು ಗಂಟೆ.

ನಾನು ದುಬೈಯ ಗಡಿಯಾರವನ್ನು ಬ್ರೆಜಿಲಿನ ಗಡಿಯಾರದಿಂದ ಕಳೆದಿದ್ದೆ. ಎಂಟನೇ ಕ್ಲಾಸಿನ ಮಕ್ಕಳು ಹೀಗೆ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಪಶ್ಚಿಮಕ್ಕೆ ಹೋದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ ಕಣ್ರೋ ಕತ್ತೆಗಳಾ ಅಂತ ಎಷ್ಟು ವರ್ಷದಿಂದ ಅರಚುತ್ತಿದ್ದೇನೆ. ಅಂದರೆ ನಾನು ಪೊರಕೆ ಹಿಡಿದಾಗ ವನಜ ಅರ್ಧ ದಾರಿಯಲ್ಲಿದ್ದಳು, ಆಫ್ರಿಕಾದ ಕಾಡಿನ ಮೇಲೋ ಸಮುದ್ರದ ಮೇಲೋ. ಈಗಲೂ ಅಲ್ಲೇ ಎಲ್ಲೋ ಇದ್ದಾಳೆ. ಗುಡಿಸಿದ್ದನ್ನು ಗುಡಿಸಿಬಿಟ್ಟಿದ್ದೇನೆ. ಜಗಳವಾಡಿದ್ದೇನೆ, ಗುಂಡು ಎಸೆಯುವುದನ್ನು ನೋಡಿ ನಕ್ಕಿದ್ದೇನೆ, ಆದರೆ ಅವಳಿಲ್ಲದ ಮನೆಯಲ್ಲಿ ನಾನು ಇರಲಾರೆ ಅನ್ನುವುದು ಆ ಕುರ್ಚಿಯ ಮೇಲೆ ಕೂತಾಗ ಗೊತ್ತಾಯಿತು. ಅಮ್ಮನಿಗೆ ಹೇಳಿದೆ. ಅಮ್ಮ ಬೈಯಲಿಲ್ಲ, ಅದೇ ಭಯವಾದದ್ದು. ಬಾಯಿಗೆ ಸೆರಗು ಹಿಡಿದು, "ಏಂ ಪನಿ ಚೇಸಿನಾವುರಾ," ಎಂಥ ಕೆಲಸ ಮಾಡಿಬಿಟ್ಟೆಯೋ ಅಂತ, ತೆಲುಗಿನಲ್ಲಿ ಮೆಲ್ಲಗೆ ಅಂದಳು. ಅಮ್ಮ ನಿಜವಾಗಿ ಹೆದರಿದಾಗ ಮಾತ್ರ ತೆಲುಗಿಗೆ ಹೋಗುತ್ತಾಳೆ.

ಮಿಕ್ಕ ದಾರಿ ಒಂದೇ ಇತ್ತು. ಮೊರ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಮೊಬೈಲಿನ ಬೆಳಕಿನಲ್ಲಿ ಕರಿಬೇವಿನ ಬುಡದ ಕಸವನ್ನೆಲ್ಲ ಬಾಚಿ ಬಾಚಿ ತುಂಬಿಕೊಂಡೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮುನಿರತ್ನಮ್ಮ ಇಣುಕಿದಳು. "ಏನ್ ಮೇಷ್ಟ್ರೇ, ಕಸ ಒಳಕ್ಕೆ ತಗೊಂಡು ಹೋಗ್ತಾ ಇದ್ದೀರಾ?" "ಹೂಂ ಕಣಮ್ಮ, ಒಳಗೆ ಸ್ವಲ್ಪ ಕಮ್ಮಿಯಾಗಿತ್ತು," ಅಂದೆ. ಬೇರೆ ಏನೂ ಹೊಳೆಯಲಿಲ್ಲ. ಅವಳು ಪಾಪ, "ಟೀಚರಮ್ಮ ಇಲ್ದೆ ಇದ್ರೆ ಕಷ್ಟಾನೇ ಬಿಡಿ," ಅಂತ ಒಳಗೆ ಹೋದಳು. ಒಳಗೆ ಬಂದು ಹರಡಲು ಹೋದರೆ ಯಾವುದು ಎಲ್ಲಿತ್ತು ಅಂತ ನೆನಪಾಗಲಿಲ್ಲ. ಕೂದಲು ಕನ್ನಡಿಯ ಕೆಳಗೋ, ಮಂಚದ ಪಕ್ಕವೋ? ಕನಕಾಂಬರ ದೇವರ ಮನೆಯ ಮುಂದೆ ಇತ್ತೋ, ಬಾಗಿಲ ಹತ್ತಿರವೋ? ಅಮ್ಮ ಕೈ ತೋರಿಸಿದ ಕಡೆಯೆಲ್ಲ ಸುರಿದೆ. ಜೊತೆಗೆ ಕರಿಬೇವಿನ ಒಣ ಎಲೆ, ಗೊಬ್ಬರದ ಹುಡಿ, ಒಂದೆರಡು ಇರುವೆ ಎಲ್ಲ ಬಂದವು. ಧೂಳನ್ನು ಒಲೆಯ ಮುಂದೆ ಉದುರಿಸಿದೆ. ಹೆಜ್ಜೆಗಳನ್ನು ವಾಪಸ್ಸು ಉದುರಿಸಲು ಬರಲಿಲ್ಲ. ಆಮೇಲೆ ನಾವಿಬ್ಬರೂ ತಿಪ್ಪೆಯಂಥ ಮನೆಯ ನಡುವೆ ಕುರ್ಚಿ ಹಾಕಿಕೊಂಡು ಅಡುಗೆಮನೆಯ ಕಡೆ ಕಿವಿಗೊಟ್ಟು ಕೂತೆವು. ಒಂದು ಚಮಚವೂ ಅಲುಗಲಿಲ್ಲ.

ನಿದ್ದೆಯ ಮಾತು ಬಿಡಿ. ಬೆಳಗಾದರೂ ಫೋನಿಲ್ಲ. ಆವನಿಯಿಂದ ವನಜಳ ತಮ್ಮ ನಾಗರಾಜ ಫೋನ್ ಮಾಡಿ, "ಭಾವ, ಅಕ್ಕ ಸೇರ್ಕೊಂಡ್ಲಾ?" ಅಂದ. ನಾನು ಕೆಮ್ಮಿ ಇಟ್ಟುಬಿಟ್ಟೆ. ಅಮ್ಮ ಯೋಚನೆ ಮಾಡಿ ಮಾಡಿ ಒಂದು ದಾರಿ ಹುಡುಕಿದ್ದಳು. ಹೆಣ್ಣುಮಗಳಿಗೆ ತವರಿನಲ್ಲೂ ಒಂದು ಪಾಲು ಇರುತ್ತದಂತೆ. ಹೊರಡುವ ಮುಂಚೆ ವನಜ ಆವನಿಗೆ ಹೋಗಿ ಮಡಿಲು ತುಂಬಿಸಿಕೊಂಡು ಬಂದಿದ್ದಳು. "ಅಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತೆ. ಹೋಗಿ ಗುಡಿಸಬೇಡಿ ಅಂತ ಹೇಳಿ ಬಾ." ಫೋನಿನಲ್ಲೇ ಹೇಳುತ್ತೇನೆ ಅಂದೆ. "ಇಂಥಾ ಮಾತು ಫೋನಲ್ಲಿ ಹೇಳೋದಲ್ಲ. ಎದ್ದೇಳು, ಹೊರಡು," ಅಂದಳು. ಹಿಂದಿನ ದಿನವಾಗಿದ್ದರೆ ನಕ್ಕು ಕಾಫಿ ಕೇಳುತ್ತಿದ್ದೆ. ಅವತ್ತು ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಕೋಲಾರದ ಬಸ್ಸು ಹತ್ತಿದೆ.

ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮುಳಬಾಗಿಲಿನ ಕಡೆ ಹೊರಟೆ. ಟೊಮೇಟೊ ಲಾರಿಗಳ ಹಿಂದೆ ಬಸ್ಸು ನಿಧಾನಕ್ಕೆ ಹೋಗುತ್ತಿತ್ತು. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಫೋನು ಹೊಡೆದುಕೊಂಡಿತು. "ರೀ, ನಾನು. ಬಂದಾಗಿನಿಂದ ನೆಟ್ಟೇ ಇರಲಿಲ್ಲ, ಇಲ್ಲಿ ಹೋಟೆಲಿನ ವೈಫೈ ಈಗ ಸಿಕ್ತು. ಯಾಕ್ರೀ ಮಾತಾಡ್ತಿಲ್ಲ?" ನಾನು ಅಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಮುದುಕ ಹೆದರಿ ಸೀಟು ಬದಲಾಯಿಸಿದ. "ಪ್ರಯಾಣ ಹೇಗಿತ್ತೇ?" ಅಂತ ಹೇಗೋ ಕೇಳಿದೆ. "ಚೆನ್ನಾಗೇ ಇತ್ತು. ಮಧ್ಯದಲ್ಲಿ ಮಾತ್ರ ಒಂಥರಾ ಆಯ್ತು ಕಣ್ರೀ. ಊಟ ಕೊಡೋ ಹುಡುಗಿ ಬಂದು ಏನೋ ಕೇಳಿದ್ಲು. ನನಗೆ ನಾನು ಯಾರು, ಎಲ್ಲಿಗೆ ಹೋಗ್ತಿದೀನಿ, ಯಾವುದೂ ನೆನಪಿಗೆ ಬರಲಿಲ್ಲ. ಮನೆ ಅಂದ್ರೆ ಮನೆ ನೆನಪಿಲ್ಲ. ಸುಮಾರು ಹೊತ್ತು ಹಂಗೇ ಕೂತಿದ್ದೆ. ಆಮೇಲೆ ಎಲ್ಲಿಂದಲೋ ಕರಿಬೇವಿನ ವಾಸನೆ ಬಂತು ನೋಡಿ, ಸೀನು ಶುರುವಾಗಿ, ಸೀನಿ ಸೀನಿ ಸರಿಹೋಯ್ತು." ಅದು ನಮ್ಮ ಗಡಿಯಾರಕ್ಕೆ ಎಷ್ಟು ಹೊತ್ತು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಲೆಕ್ಕ ಮಾಡಬೇಕಾಗುತ್ತಿತ್ತು. ಅವಳು ಮಾತ್ರೆಯ ವಿಚಾರ ಕೇಳಿದಳು, ಗ್ಯಾಸಿನ ವಿಚಾರ ಕೇಳಿದಳು. ನನಗೆ ಆ ಎರಡು ಪ್ರಶ್ನೆ ಕೇಳಿ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಇನ್ನು ಆವನಿಗೆ ಹೋಗಿ ಮಾಡುವುದೇನು? ಡ್ರೈವರಿಗೆ ಹೇಳಿ ರಸ್ತೆಯ ಮಧ್ಯದಲ್ಲೇ ಇಳಿದು, ಎದುರಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ವಾಪಸ್ಸು ಹೊರಟೆ. ಆ ಬಸ್ಸಿನ ಕಂಡಕ್ಟರು ನನ್ನ ಪಕ್ಕದಲ್ಲೇ ಎರಡು ಸಲ ಓಡಾಡಿದ, ಟಿಕೆಟ್ಟು ಕೇಳಲಿಲ್ಲ. ನಾನೇ ಕೋಲಾರ ಒಂದು ಅಂದೆ. ಅವನು ನನ್ನ ಹಿಂದಿನವರನ್ನು ಕೇಳಿ ಮುಂದಕ್ಕೆ ಹೋದ. ನನಗೆ ಆ ಸಂತೋಷದಲ್ಲಿ ಅದೊಂದೂ ವಿಚಿತ್ರ ಅನ್ನಿಸಲಿಲ್ಲ. ಮನೆಗೆ ಬಂದರೆ ಬಾಗಿಲಿಗೆ ರಂಗೋಲಿ ಬಿದ್ದಿತ್ತು, ನೆಲ ಫಳಫಳ ಅನ್ನುತ್ತಿತ್ತು. ಅಮ್ಮ ಸ್ನಾನ ಮಾಡಿ ದೇವರ ಮುಂದೆ ಕೂತಿದ್ದಳು. ಸೊಸೆ ಅವಳಿಗೂ ಫೋನ್ ಮಾಡಿದ್ದಳು.

ವನಜ ವಾಪಸ್ಸು ಬಂದಳು, ಪೂರ್ತಿಯಾಗಿಯೇ ಬಂದಳು. ನನಗೆ ಅನುಮಾನ ಇದ್ದೇ ಇತ್ತು, ಬಾಗಿಲಲ್ಲಿ ನಿಂತು ಕಣ್ಣಿಟ್ಟು ನೋಡಿದೆ. ಅವಳು ಹೊಸ್ತಿಲು ದಾಟುವ ಮೊದಲೇ, "ಇದೇನ್ರೀ ಶರ್ಟು, ಇದನ್ನ ಹಾಕ್ಕೊಂಡು ಊರೆಲ್ಲ ಓಡಾಡಿದ್ರಾ?" ಅಂದಳು. ನನಗೆ ನೆಮ್ಮದಿಯಾಯಿತು. ಮೂರನೆಯ ಸ್ಥಾನದ ಪದಕ ತಂದಿದ್ದಳು, ಅದನ್ನು ಅಮ್ಮನ ಕೊರಳಿಗೆ ಹಾಕಿ ಫೋಟೋ ತೆಗೆದಳು. ಫೋಟೋದಲ್ಲಿ ನಾನೂ ನಿಂತಿದ್ದೆ. ಆಮೇಲೆ ನೋಡಿದರೆ ನಾನಿದ್ದ ಜಾಗದಲ್ಲಿ ಬೆಳಕು ಬಿದ್ದು ಬೆಳ್ಳಗಾಗಿಹೋಗಿತ್ತು.

ಅಲ್ಲಿಂದ ಈಚೆಗೆ ಕೆಲವು ಸಣ್ಣ ವಿಷಯಗಳು ನಡೆಯುತ್ತಿವೆ. ಮುನಿರತ್ನಮ್ಮನ ನಾಯಿ ಇಷ್ಟು ವರ್ಷ ನನ್ನನ್ನು ಕಂಡರೆ 'ಕಚ್ತೀನಿ' ಅಂತ ಹಾರುತ್ತಿದ್ದದ್ದು, ಈಗ ಪಕ್ಕದಲ್ಲಿ ಹಾದುಹೋದರೂ ಕಿವಿ ಎತ್ತುವುದಿಲ್ಲ. ಕ್ಲಾಸಿಗೆ ಹೋದರೆ ಮಕ್ಕಳು ಎದ್ದು ನಿಲ್ಲುವುದಿಲ್ಲ, ಗಲಾಟೆ ಮಾಡುತ್ತಲೇ ಇರುತ್ತಾರೆ. ಮೊನ್ನೆ ಮೀಟಿಂಗಿನಲ್ಲಿ ಹೆಡ್‌ಮೇಷ್ಟ್ರು ನನ್ನ ಎದುರಿನ ಕುರ್ಚಿಯಲ್ಲೇ ಕೂತು, "ಸಮಾಜದವರು ಇವತ್ತು ರಜೆಯಾ?" ಅಂತ ಕೇಳಿದರು. ಮೊದಮೊದಲು ನನಗೆ ಇದು ಸುಖವಾಗಿಯೇ ಇತ್ತು. ಜನಗಣತಿ ಕೆಲಸಕ್ಕೆ ಹೆಸರು ಬರೆಯುವಾಗ ನನ್ನನ್ನು ಬಿಟ್ಟುಬಿಟ್ಟರು, ಇದಕ್ಕಿಂತ ಏನು ಬೇಕು? ಆದರೆ ರೈಲ್ವೆ ಗೇಟಿನ ಹತ್ತಿರ ಒಬ್ಬ ಸ್ಕೂಟರಿನವನು ಹಾರನ್ನೂ ಹೊಡೆಯದೆ ನೇರವಾಗಿ ನನ್ನ ಮೇಲೆಯೇ ಬಂದ ಮೇಲೆ ನಾನು ಯೋಚನೆಗೆ ಬಿದ್ದೆ.

ನಿನ್ನೆ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಎದುರಿಗೆ ಕೂತು, ಅದೇನೋ ಮಾತಿಗೆ, "ಅವತ್ತು ಮನೆ ಯಾವಾಗ ಗುಡಿಸಿದೆ?" ಅಂತ ಕೇಳಿದೆ. "ನೀನು ಆ ಕಡೆ ಹೋದ ಮೇಲೆ ವನಜ ಫೋನ್ ಮಾಡಿದ್ಲು ನೋಡು, ತಕ್ಷಣ ಪರಕೆ ತಗೊಂಡೆ. ಏನ್ ಗಲೀಜು ಮಾಡಿದ್ದೆಯೋ ತಂದೆ, ಇರುವೆ ಬೇರೆ!" ನಾನು ಮೆಲ್ಲಗೆ, "ಅವಳು ತಲುಪಿದ್ಲು ಸರಿ. ನಾನು ಇನ್ನೂ ದಾರಿಯಲ್ಲಿದ್ದೆನಲ್ಲಮ್ಮ?" ಅಂದೆ. ಅಮ್ಮನ ಕೈ ನಿಂತಿತು. ನನ್ನ ಕಡೆ ನೋಡಿದಳು, ನಾನಿದ್ದ ಜಾಗದಿಂದ ಸ್ವಲ್ಪ ಪಕ್ಕಕ್ಕೆ. "ನೀನಾ? ನಿನ್ನ ವಿಚಾರ ಜ್ಞಾಪಕಕ್ಕೇ ಬರಲಿಲ್ಲ ಕಣೋ," ಅಂದಳು. ಆಮೇಲೆ ಸಮಾಧಾನಕ್ಕೆ, "ಹೋದೋನು ಆವನಿಗಾದ್ರೂ ಹೋಗಿ ತಲುಪಿದ್ಯಲ್ಲ, ಏನೂ ಆಗೋಲ್ಲ ಬಿಡು," ಅಂದಳು. ನಾನು ಆವನಿಗೆ ಹೋಗಲೇ ಇಲ್ಲ ಅಂತ ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಕಸ ಎಲ್ಲಿ ಹಾಕಿದೆ ಅಂತ ಮಾತ್ರ ಕೇಳಿದೆ. ಪುರಸಭೆಯ ಗಾಡಿ ಬಂದಿತ್ತಂತೆ, ಅದಕ್ಕೇ ಕೊಟ್ಟಳಂತೆ.

ಆ ಹೊತ್ತಿಗೆ ವನಜ ಅಡುಗೆಮನೆಯಿಂದ ಕಾಫಿ ತಂದಳು. ಎರಡು ಲೋಟ. ಒಂದನ್ನು ಅಮ್ಮನ ಪಕ್ಕಕ್ಕಿಟ್ಟು, ಇನ್ನೊಂದನ್ನು ಹಿಡಿದುಕೊಂಡು ನಾನು ಕೂತಿದ್ದ ಕುರ್ಚಿಯಲ್ಲಿ ಕೂರಲು ಬಂದಳು. ನಾನು ಗಂಟಲು ಸರಿಮಾಡಿಕೊಂಡೆ. ಅವಳು ಬೆಚ್ಚಿ ನಿಂತಳು, ಕಾಫಿ ತುಳುಕಿತು. "ಅಯ್ಯೋ, ನೀವು ಮನೇಲೇ ಇದ್ದೀರೇನ್ರೀ?" ಅಂದಳು.

"ಇಲ್ಲೇ ಇದ್ದೀನಿ ಕಣೇ," ಅಂದೆ. ಎಷ್ಟು ಇದ್ದೀನಿ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.